ಪಾದಬಲಕ್ಕೆ ದ್ರವಬಲದ ಆಸರೆ



ದತ್ತಿ ಉಪನ್ಯಾಸವೆಂದರೆ ಕಾವ್ಯವನ್ನೋ ಶಾಸನವನ್ನೋ ದಾಸಸಾಹಿತ್ಯವನ್ನೋ ಕುರಿತು ಮಾತನಾಡುವುದು ನಮ್ಮಲ್ಲಿ ನಡೆದುಬಂದಿರುವ ಸಂಪ್ರದಾಯ. ಅಂತಹ ವೇದಿಕೆಯ ಮೇಲೆ ನಿಂತು ಮೋಟಾರು ವಾಹನದ ಬ್ರೇಕನ್ನು ಕುರಿತು, ಅದರಲ್ಲಿಯೂ ಚಾಲಕನ ಪಾದಬಲಕ್ಕೆ ಯಂತ್ರದ ಬಲವನ್ನು ಕೂಡಿಸಿಕೊಡುವ ದ್ರವಬ್ರೇಕನ್ನು ಕುರಿತು ಮಾತನಾಡಹೊರಟಿರುವವನು ಮೊದಲಿಗೆ ತನ್ನ ಆಯ್ಕೆಗೆ ಕಾರಣವನ್ನು ನಿವೇದಿಸಬೇಕಾದದ್ದು ನ್ಯಾಯವೇ ಆಗಿದೆ. ಕಾರಣವನ್ನು ಹುಡುಕಲು ನಾನು ದೂರ ಹೋಗಬೇಕಾಗಿಲ್ಲ. ಈ ಚಿಕ್ಕಬಳ್ಳಾಪುರ ಪಟ್ಟಣಕ್ಕೆ ಸಮೀಪದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ನಾವು ಕಟ್ಟೆ ಕಾಲುವೆಗಳ ಶಿಲ್ಪಿಯೆಂದು ಪೂಜಿಸುತ್ತೇವೆಯೇ ಹೊರತು, ಭಾರತದಲ್ಲಿಯೇ ಮೋಟಾರು ವಾಹನಗಳು ತಯಾರಾಗಬೇಕೆಂದು ಎಪ್ಪತ್ತನ್ನು ದಾಟಿದ ವಯಸ್ಸಿನಲ್ಲಿ ಹಟ ಹಿಡಿದು ದುಡಿದವರೂ ಅವರೇ ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. 1935ರಲ್ಲಿ ಅವರು ಯೂರೋಪು ಅಮೆರಿಕೆಗಳಲ್ಲಿ ಸಂಚರಿಸಿ, ಅಲ್ಲಿಯ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು, ಹಿಂದಿರುಗಿ ಬಂದು ಯೋಜನೆಯೊಂದನ್ನು ಸಿದ್ಧಪಡಿಸಿದರು. ಅಂದಿನ ಬ್ರಿಟಿಷ್ ಸರ್ಕಾರದ ಔದಾಸೀನ್ಯದಿಂದ ಅದು ಅವರು ಬಯಸಿದ ಕಾಲಕ್ಕೆ ಕೈಗೂಡಲಿಲ್ಲ; ಆ ಯೋಜನೆಯಲ್ಲಿ ಅವರ ಸಂಗಡಿಗರಾಗಿದ್ದ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿ, ಅಮೆರಿಕೆಯ ಕ್ರೈಸ್ಲರ್ ಕಂಪನಿಯ ಸಹಯೋಗದಿಂದ ವಾಹನಗಳ ಜೋಡಣೆಗೆ ತೊಡಗಿದರು. ಆ ಕ್ರೈಸ್ಲರ್ ಕಂಪನಿಯ ಹೆಸರು ಈ ಉಪನ್ಯಾಸದಲ್ಲಿ ಇನ್ನೊಮ್ಮೆ ಬರಲಿದೆ.

ಎರಡನೆಯ ಕಾರಣವು ನಮ್ಮ ಕಣ್ಣೆದುರಿಗೇ ಇದೆ. ಸಮುದ್ರಮಟ್ಟದಿಂದ 1,478 ಮೀಟರು ಎತ್ತರವಿರುವ ನಂದಿಬೆಟ್ಟದ ಮೇಲಕ್ಕೆ ಭಾನುವಾರ ಬೆಳಗಾಗುವ ಮುನ್ನವೇ ವಾಹನಗಳು ಸಾಲುಗಟ್ಟುತ್ತವೆ, ಹತ್ತಿದುದೆಲ್ಲವೂ ಇಳಿಯಲೇಬೇಕು. ಇಳಿಯುವಾಗ ನಡೆಯುವ ವ್ಯಾಪಾರವೇನೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಬೆಟ್ಟದ ತಲೆಗೂ ಚಿಕ್ಕಬಳ್ಳಾಪುರದ ಬಯಲಿಗೂ ಇರುವ ಅಂತರ ಸುಮಾರು 550 ಮೀಟರು. ಜನರನ್ನೂ ಸಾಮಾನನ್ನೂ ಹೊತ್ತು ಎರಡು ಟನ್ನು ತೂಗುವ ಗಾಡಿಯೊಂದು ಅಷ್ಟು ಎತ್ತರವನ್ನು ಇಳಿದು ಬರುವಾಗ ಅದು ಕಳೆದುಕೊಳ್ಳಬೇಕಾದ ಶಕ್ತಿಯು, ಅದೇ ಗಾಡಿಯು ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಓಡುತ್ತಿರುವಾಗ ಅದನ್ನು ಪೂರ್ಣವಾಗಿ ನಿಲ್ಲಿಸಲು ಕಳೆಯಬೇಕಾದ ಶಕ್ತಿಯ ಹೆಚ್ಚುಕಡಮೆ ನಲವತ್ತರಷ್ಟಾಗುತ್ತದೆ. ಇದೆಲ್ಲವೂ ಉಷ್ಣವಾಗಿ ಪರಿಣಮಿಸಿದರೆ, ಮೂವತ್ತು ಲೀಟರಿಗೂ ಮಿಗಿಲಾದ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಬ್ರೇಕ್ ಎಂಬುದು ವಸ್ತುತಃ ಚಲನೆಯನ್ನು ಉಷ್ಣವನ್ನಾಗಿ ಪರಿವರ್ತಿಸಿ ಗಾಳಿಗೆ ದಾನಮಾಡುವ ಸಾಧನವೇ ಹೊರತು ಬೇರೇನೂ ಅಲ್ಲ. ಈ ಪರಿವರ್ತನೆಯನ್ನು ಆಗಮಾಡುವುದು ಲೈನರು ಡ್ರಮ್ಮುಗಳ ಅಥವಾ ಪ್ಯಾಡು ಡಿಸ್ಕುಗಳ ಘರ್ಷಣೆ. ಆ ಘರ್ಷಣೆಯನ್ನು ಹುಟ್ಟಿಸುವುದು ಒತ್ತುವ ಬಲ. ಆ ಬಲದ ಮೂಲವು ಚಾಲಕನ ಬಲಗಾಲು. ಒಂದು ಕಾಲಿನಿಂದ ಹೊರಟ ಬಲವು ನಾಲ್ಕು ಗಾಲಿಗಳನ್ನು ಹೇಗೆ ಸೇರಬೇಕು, ಸೇರಿದರೂ ಅದು ಸಾಕಾಗುವುದೆಂತು ಎಂಬ ಎರಡು ಪ್ರಶ್ನೆಗಳಲ್ಲಿ ನಮ್ಮ ವಿಷಯವೆಲ್ಲವೂ ಅಡಗಿದೆ.

ಮೊದಲನೆಯ ಪ್ರಶ್ನೆಗೆ ಉತ್ತರವು ಸಿದ್ಧಾಂತರೂಪದಲ್ಲಿ ಹದಿನೇಳನೆಯ ಶತಮಾನದಲ್ಲಿಯೇ ದೊರೆತಿತ್ತು. ಫ್ರಾನ್ಸ್ ದೇಶದ ಬ್ಲೇಸ್ ಪಾಸ್ಕಲನು ಮರಣಹೊಂದಿದ ಮರುವರ್ಷ, ಅಂದರೆ 1663ರಲ್ಲಿ, ಪ್ರಕಟವಾದ ಅವನ ಪ್ರಬಂಧದಲ್ಲಿ, ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಒಂದೆಡೆ ಹೇರಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಕುಂದಿಲ್ಲದೆ ಸಾಗುತ್ತದೆ ಎಂಬ ತತ್ತ್ವವು ಪ್ರತಿಪಾದಿತವಾಯಿತು. ಇಂಗ್ಲೆಂಡಿನ ಜೋಸೆಫ್ ಬ್ರಾಮನು 1795ರಲ್ಲಿ ಈ ತತ್ತ್ವವನ್ನೇ ಹಿಡಿದು ಜಲೀಯ ಒತ್ತುಯಂತ್ರವನ್ನು ನಿರ್ಮಿಸಿದನು. ಆದರೆ ಮೋಟಾರು ವಾಹನಗಳು ರಸ್ತೆಗೆ ಬಂದಾಗ ಅವುಗಳ ಬ್ರೇಕುಗಳು ಸಲಾಕೆ, ತಂತಿ, ಸಂಕೋಲೆಗಳಿಂದಲೇ ನಡೆಯುತ್ತಿದ್ದವು. ನಾಲ್ಕು ತಂತಿಗಳಲ್ಲಿ ಒಂದು ಸಡಿಲವಾಗಿ ಇನ್ನೊಂದು ಬಿಗಿಯಾಗಿದ್ದರೆ ಗಾಡಿಯು ಪಕ್ಕಕ್ಕೆ ಎಳೆಯುತ್ತಿತ್ತು. ವಿಮಾನ ತಯಾರಕರೆಂದು ಹೆಸರಾದ ಸೋದರರಲ್ಲಿ ಒಬ್ಬನಾದ ಮಾಲ್ಕಂ ಲಾಕ್‌ಹೀಡನು 1917ರ ಸುಮಾರಿಗೆ ತಂತಿಯ ಬದಲು ಕೊಳವೆಯನ್ನೂ, ಸೆಳೆತದ ಬದಲು ದ್ರವದ ಒತ್ತಡವನ್ನೂ ಯೋಜಿಸಿದನು. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರು ನಾಲ್ಕು ಗಾಲಿಗಳಿಗೂ ದ್ರವಬ್ರೇಕನ್ನು ಹೊಂದಿ ಬಂದಿತಾದರೂ ಅದು ಕುಬೇರರ ಸೊತ್ತಾಗಿತ್ತು. ಸಾಮಾನ್ಯರ ಕೈಗೆಟಕುವ ಬೆಲೆಯ ಕಾರಿಗೆ ಅದನ್ನು ತಂದು, ಲಾಕ್‌ಹೀಡನ ಸಿಲಿಂಡರುಗಳಿಂದ ಸೋರುತ್ತಿದ್ದ ದ್ರವವನ್ನು ರಬ್ಬರಿನ ಬಟ್ಟಲುಗಳಿಂದ ತಡೆದು, ಪದ್ಧತಿಯನ್ನು ನಂಬಲರ್ಹವನ್ನಾಗಿ ಮಾಡಿದ ಕೀರ್ತಿ 1924ರ ಕ್ರೈಸ್ಲರ್ ಕಾರಿನ ಶಿಲ್ಪಿಗಳದು. ಇಷ್ಟಾದರೂ ಫೋರ್ಡ್ ಕಂಪನಿಯು 1939ರವರೆಗೆ ಹಳೆಯ ಸಲಾಕೆಗಳನ್ನೇ ನೆಚ್ಚಿಕೊಂಡಿತ್ತು. ದೊಡ್ಡ ಮನುಷ್ಯರ ಹಟಗಳು ಕೆಲವೊಮ್ಮೆ ಜನರ ಪ್ರಾಣಕ್ಕೆ ಸಂಬಂಧಪಟ್ಟ ವಿಷಯಗಳಲ್ಲಿಯೂ ನಡೆದುಹೋಗುತ್ತವೆ.

ದ್ರವದ ಉಪಯೋಗವು ಬಲವನ್ನು ಸಮವಾಗಿ ಹಂಚುವುದಷ್ಟೇ ಅಲ್ಲ. ಅದನ್ನು ವೃದ್ಧಿಮಾಡುವುದೂ ಹೌದು. ಕಾಲು ಮೂವತ್ತು ಕಿಲೋಗ್ರಾಮಿನ ಬಲದಿಂದ ಒತ್ತಿತೆನ್ನಿ. ಪೆಡಲಿನ ಸನ್ನೆಯಿಂದ ಅದು ಐದು ಪಟ್ಟಾಗಿ ನೂರೈವತ್ತಾಗುತ್ತದೆ. ಆ ಬಲವು ನೂಕುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿನ ವಿಸ್ತೀರ್ಣ ಮೂರು ಚದರ ಸೆಂಟಿಮೀಟರಾದರೆ ದ್ರವದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಐವತ್ತು ಕಿಲೋಗ್ರಾಮಿನ ಒತ್ತಡವೇರ್ಪಟ್ಟು, ಗಾಲಿಯ ಬಳಿಯ ಇಪ್ಪತ್ತು ಚದರ ಸೆಂಟಿಮೀಟರಿನ ಪಿಸ್ಟನ್ನು ಒಂದು ಸಾವಿರ ಕಿಲೋಗ್ರಾಮಿನ ಬಲದಿಂದ ಪ್ಯಾಡನ್ನು ಅದುಮುತ್ತದೆ. ಇದನ್ನು ಕೇಳಿದವರಿಗೆ, ಪಿಸ್ಟನ್ನುಗಳ ವಿಸ್ತೀರ್ಣವನ್ನು ಮತ್ತಷ್ಟು ವ್ಯತ್ಯಾಸಪಡಿಸಿ ಬೇಕಾದಷ್ಟು ಬಲವನ್ನು ಪಡೆಯಬಾರದೇಕೆ ಎಂಬ ಸಂದೇಹ ಹುಟ್ಟುವುದು ಸಹಜ. ಪ್ರಕೃತಿಯು ಬಲದಲ್ಲಿ ಕೊಟ್ಟುದನ್ನು ದೂರದಲ್ಲಿ ಕಿತ್ತುಕೊಳ್ಳುತ್ತದೆ. ಬಲವು ಇಮ್ಮಡಿಯಾದರೆ ಪೆಡಲು ಚಲಿಸಬೇಕಾದ ದೂರವೂ ಇಮ್ಮಡಿಯಾಗುತ್ತದೆ. ಕಾಲ ಕೆಳಗೆ ಇರುವುದು ಒಂದು ಗೇಣಿನಷ್ಟು ಅವಕಾಶ. ಅಷ್ಟರಲ್ಲಿ ಕೆಲಸ ಮುಗಿಯಬೇಕು, ಮುಗಿದ ಮೇಲೂ ಸ್ವಲ್ಪ ಮಿಗಬೇಕು. ವಾಹನಗಳ ತೂಕವೂ ವೇಗವೂ ಏರಿದಂತೆಲ್ಲ, ಮತ್ತು ಗಾಲಿಯ ತಿರುಗುವಿಕೆಯಿಂದಲೇ ತುಸು ಸಹಾಯವನ್ನು ಸೆಳೆದುಕೊಳ್ಳುತ್ತಿದ್ದ ಡ್ರಮ್ಮಿನ ಸ್ಥಾನಕ್ಕೆ ಅಂತಹ ಸಹಾಯವೇನನ್ನೂ ಮಾಡದ ಡಿಸ್ಕು ಬಂದಂತೆಲ್ಲ, ಮನುಷ್ಯನ ಕಾಲಿನ ಪಕ್ಕದಲ್ಲಿ ಇನ್ನೊಂದು ಬಲವು ನಿಲ್ಲಬೇಕಾಯಿತು.

ಆ ಬಲವನ್ನು ಮೊದಲು ಒದಗಿಸಿದ್ದು ನಮ್ಮೆಲ್ಲರ ತಲೆಯ ಮೇಲಿರುವ ವಾಯುಮಂಡಲ. ಬೆಲ್ಜಿಯಮ್ಮಿನ ಆಲ್ಬರ್ಟ್ ಡಿವಾಂಡ್ರನು 1927ರಲ್ಲಿ ನಿರ್ವಾತದಿಂದ ನಡೆಯುವ ಬ್ರೇಕ್ ಸಹಾಯಕವನ್ನು ಲೋಕದ ಮುಂದಿಟ್ಟನು. ಇಂದು ಮೆಕ್ಯಾನಿಕ್ಕುಗಳು ಬೂಸ್ಟರ್ ಎಂದು ಕರೆಯುವ, ಮಾಸ್ಟರ್ ಸಿಲಿಂಡರಿನ ಹಿಂದೆ ಕುಳಿತಿರುವ ಕಪ್ಪು ಬಣ್ಣದ ದುಂಡನೆಯ ಡಬ್ಬಿಯು ಆ ವಂಶದ ಕುಡಿ. ಅದರೊಳಗೆ ರಬ್ಬರಿನ ಪಟಲವೊಂದು ಡಬ್ಬಿಯನ್ನು ಇಬ್ಭಾಗ ಮಾಡಿದೆ. ಎರಡು ಭಾಗಗಳಲ್ಲಿಯೂ ನಿರ್ವಾತವಿರುವಾಗ ಪಟಲವು ನಿಶ್ಚಲ. ಪೆಡಲನ್ನು ಒತ್ತಿದೊಡನೆ ಕವಾಟವೊಂದು ತೆರೆದು ಹಿಂಭಾಗಕ್ಕೆ ಹೊರಗಿನ ಗಾಳಿಯನ್ನು ಬಿಡುತ್ತದೆ, ಆ ಗಾಳಿಯು ಪಟಲವನ್ನು ಮುಂದಕ್ಕೆ ನೂಕುತ್ತದೆ. ಇಪ್ಪತ್ತಮೂರು ಸೆಂಟಿಮೀಟರು ವ್ಯಾಸದ ಪಟಲದ ಮೇಲೆ ಚದರ ಸೆಂಟಿಮೀಟರಿಗೆ ಮುಕ್ಕಾಲು ಕಿಲೋಗ್ರಾಮಿಗೆ ತುಸು ಕಡಮೆಯಾದ ಒತ್ತಡವಿದ್ದರೂ ಒಟ್ಟು ಬಲವು ಮುನ್ನೂರು ಕಿಲೋಗ್ರಾಮಿನ ಹತ್ತಿರಕ್ಕೆ ಬರುತ್ತದೆ. ಪೆಟ್ರೋಲ್ ಇಂಜಿನ್ನು ತಾನು ಉಸಿರೆಳೆಯುವಾಗಲೇ ಈ ನಿರ್ವಾತವನ್ನು ಪುಕ್ಕಟೆಯಾಗಿ ಹುಟ್ಟಿಸಿಕೊಡುತ್ತದೆ. ಡೀಸೆಲ್ ಇಂಜಿನ್ನು ಹಾಗಲ್ಲ. ಅದರ ಉಸಿರಿಗೆ ತಡೆಯಿಲ್ಲವಾದುದರಿಂದ ಪ್ರತ್ಯೇಕವಾದ ನಿರ್ವಾತದ ಪಂಪೊಂದು ಬೇಕು. ಅದನ್ನು ಅನೇಕ ವಾಹನಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೆ ಜೋಡಿಸಿರುತ್ತಾರೆ. ಅಂತಹ ಗಾಡಿಯಲ್ಲಿ ಬೆಲ್ಟು ಹರಿದರೆ ಬ್ಯಾಟರಿಯ ದೀಪ ಹೊತ್ತಿಕೊಳ್ಳುವುದಲ್ಲದೆ ಬ್ರೇಕಿನ ಸಹಾಯವೂ ತಪ್ಪುತ್ತದೆ ಎಂಬುದನ್ನು, ಚಿಂತಾಮಣಿಯ ಮಾರುಕಟ್ಟೆಗೆ ಟೊಮ್ಯಾಟೊ ಹೇರಿಕೊಂಡು ಬರುವ ಚಾಲಕರು ನೆನಪಿನಲ್ಲಿಡುವುದು ಒಳ್ಳೆಯದು.

ಈ ನಿರ್ವಾತದ ಬೂಸ್ಟರಿಗೆ ಬೆಟ್ಟಗಳ ವಿಷಯದಲ್ಲಿ ಒಂದು ವಿಚಿತ್ರವಾದ ದೌರ್ಬಲ್ಯವುಂಟು. ಅದನ್ನು ನೂಕುವುದು ಹೊರಗಿನ ಗಾಳಿಯಾದುದರಿಂದ, ಗಾಳಿಯೇ ವಿರಳವಾದ ಎಡೆಯಲ್ಲಿ ನೂಕುವ ಬಲವೂ ಕುಗ್ಗುತ್ತದೆ. ನಂದಿಬೆಟ್ಟದ ತಲೆಯ ಮೇಲೆ ವಾಯುವಿನ ಒತ್ತಡವು ಕಡಲತಡಿಯಲ್ಲಿರುವುದರ ನೂರಕ್ಕೆ ಎಂಬತ್ತನಾಲ್ಕರಷ್ಟು ಮಾತ್ರ. ಬೂಸ್ಟರು ಕೊಡಬಹುದಾದ ಸಹಾಯದ ಮೇರೆಯು ಅದೇ ಪ್ರಮಾಣದಲ್ಲಿ, ಅಥವಾ ಅದಕ್ಕಿಂತ ತುಸು ಹೆಚ್ಚಾಗಿಯೇ, ಇಳಿದಿರುತ್ತದೆ. ಇಳಿಜಾರು ಎಲ್ಲಿಂದ ಆರಂಭವಾಗುವುದೋ ಅಲ್ಲಿಯೇ ಸಹಾಯವು ಕನಿಷ್ಠ! ನಂದಿಯಂತಹ ಎತ್ತರದಲ್ಲಿ ಇದು ಭಯಪಡಬೇಕಾದ ಕೊರತೆಯಲ್ಲ, ಶಿಲ್ಪಿಗಳು ಅದನ್ನು ಎಣಿಸಿಯೇ ಡಬ್ಬಿಯ ಗಾತ್ರವನ್ನು ಗೊತ್ತುಮಾಡಿರುತ್ತಾರೆ. ಆದರೆ ವಾಹನವು ಭಾರವಾದಂತೆ ಡಬ್ಬಿಯೂ ದೊಡ್ಡದಾಗಬೇಕು, ದೊಡ್ಡದಾದ ಡಬ್ಬಿಗೆ ಬಾನೆಟ್ಟಿನ ಕೆಳಗೆ ಜಾಗವಿರಬೇಕು. ಈ ಇಕ್ಕಟ್ಟಿನಲ್ಲಿಯೇ ದ್ರವಬಲದಿಂದ ನಡೆಯುವ ಸಹಾಯಕದ ಜನ್ಮರಹಸ್ಯವಿದೆ.

ಗಾಳಿಯ ಒತ್ತಡವು ಎಷ್ಟಾದರೂ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿನ ಆಸುಪಾಸಿನದು; ಪಂಪಿನಿಂದ ಒತ್ತಿದ ಎಣ್ಣೆಯಾದರೋ ಅದರ ನೂರು ಪಟ್ಟನ್ನು ಲೀಲಾಜಾಲವಾಗಿ ಮುಟ್ಟುತ್ತದೆ. ಆದುದರಿಂದ ತಟ್ಟೆಯಗಲದ ಪಟಲವು ಮಾಡುವ ಕೆಲಸವನ್ನು ಹೆಬ್ಬೆರಳಿನ ದಪ್ಪದ ಪಿಸ್ಟನ್ನು ಮಾಡಬಲ್ಲದು. ಸ್ಟಿಯರಿಂಗನ್ನು ಹಗುರಗೊಳಿಸಲು ಇಂಜಿನ್ನಿನಿಂದ ತಿರುಗುವ ಎಣ್ಣೆಯ ಪಂಪು ಅನೇಕ ಗಾಡಿಗಳಲ್ಲಿ ಮೊದಲೇ ಇದ್ದಿತು. ಅದೇ ಎಣ್ಣೆಯನ್ನು ದಾರಿಯಲ್ಲಿ ಬ್ರೇಕಿನ ಸಹಾಯಕ್ಕೂ ದುಡಿಸಿಕೊಳ್ಳಬಹುದೆಂಬ ಯೋಚನೆಯು ಅಮೆರಿಕೆಯ ಬೆಂಡಿಕ್ಸ್ ಕಂಪನಿಯಿಂದ 1973ರಲ್ಲಿ ಹೈಡ್ರೊಬೂಸ್ಟ್ ಎಂಬ ಹೆಸರಿನಿಂದ ಕಾರ್ಯರೂಪಕ್ಕೆ ಬಂದಿತು. ಪಂಪಿನಿಂದ ಹೊರಟ ಎಣ್ಣೆಯು ಸ್ಟಿಯರಿಂಗಿಗೆ ಹೋಗುವ ಮುನ್ನ ಈ ಬೂಸ್ಟರಿನೊಳಗೆ ಹಾದುಹೋಗುತ್ತದೆ. ಕಾಲು ಪೆಡಲಿನ ಮೇಲಿಲ್ಲದಾಗ ಅದಕ್ಕೆ ಯಾವ ತಡೆಯೂ ಇಲ್ಲ. ಪೆಡಲನ್ನು ಒತ್ತಿದೊಡನೆ ಕಡ್ಡಿಯಂತಹ ಜಾರುಕವಾಟವೊಂದು ಕೂದಲೆಳೆಯಷ್ಟು ಸರಿದು, ಎಣ್ಣೆಯ ದಾರಿಯನ್ನು ಕಿರಿದುಮಾಡಿ, ಹಿಂದೆ ಏರ್ಪಟ್ಟ ಒತ್ತಡವನ್ನು ಬೂಸ್ಟರಿನ ಪಿಸ್ಟನ್ನಿನ ಬೆನ್ನಿಗೆ ತಿರುಗಿಸುತ್ತದೆ. ಪಿಸ್ಟನ್ನು ಮಾಸ್ಟರ್ ಸಿಲಿಂಡರನ್ನು ನೂಕುತ್ತದೆ. ಇಲ್ಲಿ ಎರಡು ದ್ರವಗಳಿವೆ, ಎರಡೂ ಎಂದೂ ಬೆರೆಯಕೂಡದು. ಸ್ಟಿಯರಿಂಗಿನದು ಖನಿಜತೈಲ, ಬ್ರೇಕಿನದು ಗ್ಲೈಕಾಲಿನ ವರ್ಗಕ್ಕೆ ಸೇರಿದ ಬೇರೊಂದು ರಸಾಯನ. ಬ್ರೇಕಿನ ಡಬ್ಬಿಗೆ ಖನಿಜತೈಲವು ಬಿದ್ದರೆ ರಬ್ಬರಿನ ಬಟ್ಟಲುಗಳೆಲ್ಲವೂ ಉಬ್ಬಿ ಕೆಡುತ್ತವೆ. ನಮ್ಮ ಜನ ಎರಡನ್ನೂ ಆಯಿಲ್ ಎಂದೇ ಕರೆಯುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಯಿತು.

ಈ ಯಂತ್ರದಲ್ಲಿ ನನ್ನ ಮನಸ್ಸನ್ನು ಸೆಳೆದದ್ದು ಅದರ ಬಲವಲ್ಲ, ಅದರ ವಿನಯ. ಸಹಾಯಕವು ತನ್ನ ಬಲದ ಒಂದು ಅಂಶವನ್ನು ಮರಳಿ ಕಾಲಿಗೆ ತಿಳಿಸುವಂತೆ ಕವಾಟವನ್ನು ರಚಿಸಲಾಗಿದೆ. ಒತ್ತಡವು ಹೆಚ್ಚಿದಂತೆ ಕವಾಟವು ಕಾಲನ್ನು ಹಿಂದಕ್ಕೆ ನೂಕುತ್ತದೆ, ಕಾಲು ಅದನ್ನು ಮೀರಿ ಒತ್ತಿದಷ್ಟೇ ಪ್ರಮಾಣದಲ್ಲಿ ಸಹಾಯವೂ ಬೆಳೆಯುತ್ತದೆ. ಹೀಗೆ ಚಾಲಕನು ತಾನು ಎಷ್ಟು ನಿಲ್ಲಿಸುತ್ತಿದ್ದೇನೆಂಬುದನ್ನು ಅಂಗಾಲಿನಿಂದಲೇ ಅರಿಯುತ್ತಾನೆ. ಈ ಪ್ರತಿಸ್ಪಂದವನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟು ಇನ್ನೊಂದು ದಾರಿಯನ್ನು ಹಿಡಿದವರು ಫ್ರಾನ್ಸಿನ ಸಿತ್ರೊಯೆನ್ ಶಿಲ್ಪಿಗಳು. 1955ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶಿತವಾದ ಅವರ ಡಿಎಸ್ ಕಾರಿನಲ್ಲಿ ಪಂಪಿನ ಅಧಿಕ ಒತ್ತಡದ ದ್ರವವೇ ನೇರವಾಗಿ ಗಾಲಿಗಳ ಬ್ರೇಕಿಗೆ ಹೋಗುತ್ತಿತ್ತು. ಪೆಡಲಿನ ಜಾಗದಲ್ಲಿ ಅಣಬೆಯಾಕಾರದ ರಬ್ಬರಿನ ಗುಂಡಿಯೊಂದಿದ್ದು, ಅದು ಚಲಿಸುತ್ತಿದ್ದುದು ಅತ್ಯಲ್ಪ. ಹೊಸಬರು ಅದನ್ನು ಮುಟ್ಟಿದರೆ ಗಾಡಿಯು ಮುಗ್ಗರಿಸಿದಂತೆ ನಿಲ್ಲುತ್ತಿತ್ತು. ಆದರೂ ಆ ಕಾರಿನಲ್ಲಿ ಒಂದು ಸೊಗಸಾದ ಯುಕ್ತಿಯಿತ್ತು. ಹಿಂದಿನ ಗಾಲಿಗಳ ಬ್ರೇಕಿಗೆ ಬೇಕಾದ ಒತ್ತಡವನ್ನು ಹಿಂದಿನ ಗಾಲಿಗಳ ಮೇಲಣ ದ್ರವದ ತೂಗುಪದ್ಧತಿಯಿಂದಲೇ ಪಡೆಯಲಾಗುತ್ತಿತ್ತು. ಹಿಂದೆ ಹೊರೆ ಹೆಚ್ಚಿದರೆ ಬ್ರೇಕೂ ಹೆಚ್ಚು, ಹೊರೆ ಇಳಿದರೆ ಬ್ರೇಕೂ ಇಳಿತ. ಬೆಳಿಗ್ಗೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ತುಂಬಿ ಬಂದು ಮಧ್ಯಾಹ್ನ ಬರಿದಾಗಿ ಹಿಂದಿರುಗುವ ಗಾಡಿಗೆ ಇದಕ್ಕಿಂತ ಉಪಕಾರಿಯಾದ ಗುಣವಾವುದು? ಇಂದಿನ ಅನೇಕ ಹೊರೆಗಾಡಿಗಳಲ್ಲಿ ಹಿಂದಿನ ಅಚ್ಚಿಗೆ ಸನ್ನೆಯಿಂದ ಕಟ್ಟಿದ ಕವಾಟವೊಂದು ಇದೇ ಕೆಲಸವನ್ನು ಸರಳವಾಗಿ ಮಾಡುತ್ತದೆ, ಅದು ತುಕ್ಕುಹಿಡಿದು ಬಿಗಿದುಕೊಳ್ಳದಿರುವವರೆಗೆ. 1965ರ ರೋಲ್ಸ್ ರಾಯ್ಸ್ ಸಿಲ್ವರ್ ಶ್ಯಾಡೊ ಕೂಡ ಸಿತ್ರೊಯೆನ್ನಿನಿಂದ ಪರವಾನಗಿ ಪಡೆದೇ ತನ್ನ ದ್ರವಪದ್ಧತಿಯನ್ನು ರೂಪಿಸಿಕೊಂಡಿತು.

ಸಹಾಯಕವು ಕೈಕೊಟ್ಟರೆ ಗತಿಯೇನು ಎಂಬುದು ಸಭಿಕರಲ್ಲಿ ಎದ್ದಿರಬಹುದಾದ ಪ್ರಶ್ನೆ. ಇಂಜಿನ್ನು ನಿಂತರೆ ಪಂಪು ನಿಲ್ಲುತ್ತದೆ. ಆಗ ಒದಗಿಬರಲೆಂದೇ ಸಂಚಾಯಕವೆಂಬ ಗಟ್ಟಿ ಬುಡ್ಡಿಯಲ್ಲಿ, ಸ್ಪ್ರಿಂಗಿನ ಅಥವಾ ಒತ್ತಿಟ್ಟ ನೈಟ್ರೊಜನ್ನಿನ ಬೆಂಬಲದಿಂದ, ಕೆಲವು ಬಾರಿ ಬ್ರೇಕು ಹಾಕಲು ಸಾಲುವಷ್ಟು ಎಣ್ಣೆಯನ್ನು ಒತ್ತಡದಲ್ಲಿ ಕಾಪಿಟ್ಟಿರುತ್ತಾರೆ. ಅದೂ ತೀರಿದರೆ ಪೆಡಲಿನ ಸಲಾಕೆಯು ಬೂಸ್ಟರನ್ನು ಭೇದಿಸಿ ನೇರವಾಗಿ ಮಾಸ್ಟರ್ ಸಿಲಿಂಡರನ್ನು ಮುಟ್ಟುತ್ತದೆ. ಪೆಡಲು ಕಲ್ಲಿನಂತೆ ಗಡುಸಾಗುತ್ತದೆ, ಆದರೆ ಬ್ರೇಕು ಸತ್ತಿರುವುದಿಲ್ಲ. ಈ ಗಡುಸನ್ನು ಕಂಡು ಬ್ರೇಕ್ ಫೇಲಾಯಿತೆಂದು ಕಾಲು ಹಿಂದೆಗೆಯುವವನು ಉಳಿದಿರುವ ಬಲವನ್ನೂ ತಾನಾಗಿ ಕಳೆದುಕೊಳ್ಳುತ್ತಾನೆ. ಎರಡೂ ಪಾದಗಳನ್ನಿಟ್ಟು ದೇಹದ ಭಾರವನ್ನೆಲ್ಲ ಹಾಕಿ ಒತ್ತಬೇಕು. ರೈಲಿನ ನ್ಯಾಯವು ಇದಕ್ಕೆ ತೀರ ವಿಪರೀತವಾದುದು. ಭಾರತದ ರೈಲುಗಳಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ ನಿರ್ವಾತದ ಬ್ರೇಕಿನಲ್ಲಿ, ಬಂಡಿಯ ಕೊಂಡಿ ಕಳಚಿಯೋ ಕೊಳವೆ ಹರಿದೋ ನಿರ್ವಾತವು ನಷ್ಟವಾದರೆ ಬ್ರೇಕು ತಾನಾಗಿ ಬಿಗಿಯುತ್ತದೆ. ಇಂದಿನ ಬಸ್ಸು ಲಾರಿಗಳ ಗಾಳಿಬ್ರೇಕಿನಲ್ಲಿಯೂ ಗಾಳಿ ಸೋರಿಹೋದರೆ ಬಲವಾದ ಸ್ಪ್ರಿಂಗು ಹಿಂದಿನ ಗಾಲಿಗಳನ್ನು ಹಿಡಿದು ನಿಲ್ಲಿಸುತ್ತದೆ. ಅಲ್ಲಿ ಮನುಷ್ಯನ ಕಾಲಿನ ಬಲಕ್ಕೆ ಲೆಕ್ಕವೇ ಇಲ್ಲ, ಆದುದರಿಂದ ಕೊರತೆಯೇ ಕಾವಲಾಗಬೇಕು. ಕಾರು ಜೀಪುಗಳಲ್ಲಿ ಕಾಲಿನ ಬಲವು ಕೊನೆಯ ಆಶ್ರಯವಾಗಿ ಉಳಿದಿದೆ, ಆದುದರಿಂದ ಅದಕ್ಕೆ ದಾರಿಯನ್ನು ತೆರೆದಿಡಬೇಕು. ಎರಡು ನ್ಯಾಯಗಳೂ ತಮ್ಮ ತಮ್ಮ ಎಡೆಗಳಲ್ಲಿ ಸಾಧುವಾದವೇ.

ಹೀಗಿರಲು, ಡೀಸೆಲ್ ಉಳಿಸುವ ಆಸೆಯಿಂದ ಗೇರನ್ನು ನ್ಯೂಟ್ರಲ್ಲಿಗೆ ತಂದು, ಇಂಜಿನ್ನನ್ನೂ ಆಫ್ ಮಾಡಿ ಇಳಿಜಾರಿನಲ್ಲಿ ಗಾಡಿಯನ್ನು ಬಿಡುವ ಅಭ್ಯಾಸವನ್ನು ಏನೆಂದು ಕರೆಯಬೇಕೋ ನಾನರಿಯೆ. ಹಾಗೆ ಮಾಡಿದವನು ಬೂಸ್ಟರಿನ ಸಹಾಯವನ್ನು ಕೆಲವೇ ಒತ್ತುಗಳಲ್ಲಿ ಮುಗಿಸಿಕೊಳ್ಳುತ್ತಾನೆ, ಸ್ಟಿಯರಿಂಗಿನ ಸಹಾಯವನ್ನೂ ಕಳೆದುಕೊಳ್ಳುತ್ತಾನೆ, ಇಂಜಿನ್ನು ತಾನೇ ಗಾಡಿಯನ್ನು ಹಿಡಿದು ನಿಧಾನಿಸುವ ಉಪಕಾರವನ್ನೂ ಕೈಯಾರೆ ದೂಡುತ್ತಾನೆ. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಡ್ರೈವರುಗಳ ಮಾತು ಯಾವ ಪಠ್ಯಪುಸ್ತಕಕ್ಕೂ ಕಡಮೆಯದಲ್ಲ. ನಾನಾಗಲೇ ಹೇಳಿದ ಮೂವತ್ತು ಲೀಟರು ನೀರಿನ ಉಷ್ಣದಲ್ಲಿ ದೊಡ್ಡ ಪಾಲನ್ನು ಇಂಜಿನ್ನಿಗೆ ವಹಿಸಿಬಿಟ್ಟರೆ ಬ್ರೇಕಿಗೆ ಉಳಿಯುವುದು ಸ್ವಲ್ಪವೇ. ವಹಿಸದಿದ್ದರೆ ಆ ಉಷ್ಣವು ಪ್ಯಾಡಿನಿಂದ ಪಿಸ್ಟನ್ನಿಗೂ, ಪಿಸ್ಟನ್ನಿನಿಂದ ದ್ರವಕ್ಕೂ ಏರುತ್ತದೆ. ಡಾಟ್ 3 ದರ್ಜೆಯ ಹೊಸ ಬ್ರೇಕ್ ದ್ರವವು ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಬಾರದೆಂಬುದು ನಿಯಮ. ಆದರೆ ಈ ದ್ರವವು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದಾದುದರಿಂದ, ತೇವಗೂಡಿದಾಗ ಅದರ ಮೇರೆಯು 140 ಡಿಗ್ರಿಗೆ ಇಳಿದಿರುತ್ತದೆ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ದ್ರವವು ಕುದಿದು ಕೊಳವೆಯಲ್ಲಿ ಆವಿಯ ಗುಳ್ಳೆಗಳು ಹುಟ್ಟಿದ ಮೇಲೆ, ಪಾಸ್ಕಲನ ತತ್ತ್ವವನ್ನು ನಡೆಸಲು ಅಲ್ಲಿ ದ್ರವವೇ ಇರುವುದಿಲ್ಲ. ಪೆಡಲು ಹತ್ತಿಯ ಮೂಟೆಯಂತೆ ಕುಸಿಯುತ್ತದೆ. ಎಷ್ಟೇ ಬಲಿಷ್ಠವಾದ ಬೂಸ್ಟರಾದರೂ ಆಗ ಮಾಡಬಲ್ಲುದು ಗುಳ್ಳೆಗಳನ್ನು ಹಿಚುಕುವ ಕೆಲಸವನ್ನು ಮಾತ್ರ. ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿಯಾಗಿ ಬದಲಿಸಿ, ನಾಲ್ಕು ಗಾಲಿಗಳಲ್ಲಿಯೂ ಏರ್ ತೆಗೆಸುವ ಖರ್ಚು ಒಂದು ಟೈರಿನ ಬೆಲೆಯ ಅಲ್ಪಭಾಗವೂ ಅಲ್ಲ.

ಬೂಸ್ಟರ್ ಮಾಡಲಾರದ ಇನ್ನೊಂದು ಕೆಲಸವುಂಟು. ಕೊಟ್ಟಕೊನೆಗೆ ಗಾಡಿಯನ್ನು ಹಿಡಿಯುವುದು ಟೈರಿಗೂ ರಸ್ತೆಗೂ ನಡುವಣ ಅಂಗೈಯಗಲದ ಸಂಪರ್ಕ. ಅದರ ಹಿಡಿತದ ಮೇರೆಯನ್ನು ಯಾವ ಬೂಸ್ಟರೂ ಹೆಚ್ಚಿಸಲಾರದು, ಮೇರೆಯನ್ನು ಬೇಗನೆ ಮುಟ್ಟಿಸಬಲ್ಲದಷ್ಟೆ. ಮಳೆಯ ಮೊದಲ ಹನಿಗಳಲ್ಲಿ ಕಾಲು ಹಗುರವಾಗಿ ಒತ್ತಿದರೂ ಗಾಲಿಗಳು ಬಿಗಿದುಕೊಂಡು ಜಾರುವುದು ಈ ಕಾರಣದಿಂದ. ಬಾಷ್ ಕಂಪನಿಯು 1978ರಲ್ಲಿ ಮಾರುಕಟ್ಟೆಗೆ ತಂದ ಎಬಿಎಸ್ ಈ ದೋಷಕ್ಕೆ ಮದ್ದು. ಗಾಲಿಯು ಬಿಗಿಯುವ ಸೂಚನೆ ಕಂಡೊಡನೆ ಅದು ಆ ಗಾಲಿಯ ದ್ರವದ ಒತ್ತಡವನ್ನು ಕ್ಷಣಕಾಲ ಇಳಿಸಿ ಮತ್ತೆ ಏರಿಸುತ್ತದೆ. ನಮ್ಮ ದೇಶದಲ್ಲಿ 2019ರ ಏಪ್ರಿಲಿನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಗಿದೆ. ಇತ್ತ ಟ್ರ್ಯಾಕ್ಟರಿನ ಹಿಂದೆ ಟನ್ನುಗಟ್ಟಲೆ ಇಟ್ಟಿಗೆಯನ್ನೋ ಮಣ್ಣನ್ನೋ ಹೊತ್ತ ಟ್ರೇಲರು ಸ್ವಂತದ ಬ್ರೇಕೊಂದೂ ಇಲ್ಲದೆ ಗೌರಿಬಿದನೂರಿನ ರಸ್ತೆಯಲ್ಲಿ ಓಡುತ್ತಿರುತ್ತದೆ. ಒಂದೇ ರಸ್ತೆಯಲ್ಲಿ ಇಪ್ಪತ್ತೊಂದನೆಯ ಶತಮಾನವೂ ಹತ್ತೊಂಬತ್ತನೆಯ ಶತಮಾನವೂ ಒಂದರ ಹಿಂದೊಂದು ಸಾಗುವ ಈ ದೃಶ್ಯದ ಬಗ್ಗೆ ಅಧಿಕಾರಸ್ಥರು ಯೋಚಿಸತಕ್ಕದ್ದಿದೆ.

ಇನ್ನು ಉಳಿದಿರುವುದು ವಿದ್ಯುತ್ ವಾಹನಗಳ ಮಾತು. ಅವುಗಳಲ್ಲಿ ನಿರ್ವಾತವನ್ನು ಕೊಡುವ ಇಂಜಿನ್ನೂ ಇಲ್ಲ, ಎಣ್ಣೆಯನ್ನು ಒತ್ತುವ ಇಂಜಿನ್ನೂ ಇಲ್ಲ. ಆದುದರಿಂದ ಚಿಕ್ಕದೊಂದು ವಿದ್ಯುತ್ ಮೋಟಾರೇ ಕಾಲಿನ ಇಂಗಿತವನ್ನರಿತು ಮಾಸ್ಟರ್ ಸಿಲಿಂಡರನ್ನು ನೂಕುವ ಏರ್ಪಾಡು ಬಳಕೆಗೆ ಬಂದಿದೆ. ಇಳಿಜಾರಿನ ಶಕ್ತಿಯಲ್ಲಿ ಬಹುಭಾಗವನ್ನು ಗಾಡಿಯ ಮೋಟಾರು ತಾನೇ ಹಿಂದಕ್ಕೆ ಸೆಳೆದು ಬ್ಯಾಟರಿಗೆ ತುಂಬುತ್ತದೆ. ನಂದಿಯ ತಲೆಯಲ್ಲಿ ಬ್ಯಾಟರಿಯು ಪೂರ್ಣ ತುಂಬಿದ್ದರೆ ಮಾತ್ರ ಅದಕ್ಕೆ ಎಡೆಯಿರುವುದಿಲ್ಲ, ಆಗ ಹಳೆಯ ಘರ್ಷಣೆಯೇ ಶರಣು. ಪೆಡಲಿಗೂ ದ್ರವಕ್ಕೂ ಯಾವ ಸಲಾಕೆಯ ಸಂಬಂಧವೂ ಇಲ್ಲದೆ ವಿದ್ಯುತ್ ಸಂಜ್ಞೆಯಿಂದಲೇ ಎಲ್ಲವನ್ನೂ ನಡೆಸಬೇಕೆಂಬ ಉತ್ಸಾಹಿಗಳೂ ಇದ್ದಾರೆ. 2001ರಲ್ಲಿ ಮರ್ಸಿಡಿಸ್ ಕಂಪನಿಯು ಬಹುಮಟ್ಟಿಗೆ ಅಂತಹುದೇ ಪದ್ಧತಿಯನ್ನು ತಂದು, 2004 ಮತ್ತು 2005ರಲ್ಲಿ ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡು, ಅನಂತರ ಅದನ್ನು ಕೈಬಿಟ್ಟಿತು. ಆ ಪದ್ಧತಿಯಲ್ಲಿ ವಿದ್ಯುತ್ತು ಕೈಕೊಟ್ಟಾಗಲೂ ಪೆಡಲಿನಿಂದ ಮುಂದಿನ ಗಾಲಿಗಳಿಗೆ ದ್ರವದ ನೇರವಾದ ದಾರಿಯೊಂದನ್ನು ಉಳಿಸಿದ್ದರು. ಆ ದಾರಿಯನ್ನೂ ಮುಚ್ಚಿದ ವಾಹನವನ್ನು ಕೊಳ್ಳುವ ಪ್ರಸಂಗವು ಬಂದರೆ, ಅದರಲ್ಲಿ ಎರಡು ಪ್ರತ್ಯೇಕ ಬ್ಯಾಟರಿಗಳೂ ಎರಡು ಪ್ರತ್ಯೇಕ ವಿದ್ಯುನ್ಮಾರ್ಗಗಳೂ ಇವೆಯೆ ಎಂಬುದನ್ನು ಮೊದಲು ವಿಚಾರಿಸಿ, ಬೆಲೆಯ ಮಾತನ್ನು ಆಮೇಲೆ ಆಡಬೇಕು.